ಎದ್ದವಳು ಮತ್ತೆ ಕೂತೆ

ಸರಗೂರು
ಭಾನುವಾರ, ೧೪ ಜುಲೈ ೨೦೨೪

ಪ್ರೀತಿಯ ಅಣ್ಣಾ,

ಕೊಡಗಿನ ಚಳಿಗೆ ಪಕ್ಕೆಯ ನೋವು ಹೆಚ್ಚಾಗಿಲ್ಲ ತಾನೆ? ಎಸ್ಟೇಟಿನ ಲೈನ್‌ಮನೆಯಲ್ಲಿ ಬಿಸಿನೀರಾದರೂ ಸಿಗುತ್ತದೆಯೇ? ಅಪ್ಪ, ಅವ್ವ ಚೆನ್ನಾಗಿದ್ದಾರೆ. ನನಗೂ ಈಗೀಗ ರಾತ್ರಿ ನಿದ್ದೆ ಬರುತ್ತಿದೆ.

ಮೇಲಿನ ಕೇರಿಯ ಸಾವಿಗೆ ತಮಟೆ ಬಡಿಯಲ್ಲ ಎಂದ ನಿನ್ನನ್ನು ನನ್ನ ಕಣ್ಣೆದುರೇ ಕೆಡವಿ ತುಳಿದರಲ್ಲ, ಅಂದಿನಿಂದ ಬೈಕಿನ ಸದ್ದಿಗೂ ನನ್ನ ಕಾಲು ನಡುಗುತ್ತಿತ್ತು. ಗಾಳಿ ಮೆಟ್ಟಿದೆಯೆಂದು ಅವ್ವ ತಾಯಿತ ಕಟ್ಟಿಸಿದಳು. ನಾನು ಅದನ್ನು ಬಿಚ್ಚಿಟ್ಟು ಮೈಸೂರಿನ ಆಪ್ತಸಮಾಲೋಚಕಿ ರುಕ್ಮಿಣಮ್ಮನವರ ಹತ್ತಿರ ಹೋದೆ. ಈ ಕಾಯಿಲೆ ನನ್ನದೋ ಆ ಕೇರಿಯದೋ ಎಂದು ಮೊದಲ ದಿನವೇ ಜಗಳ ತೆಗೆದೆ. ಆಕೆ ಸಿಟ್ಟಾಗಲಿಲ್ಲ. "ನಡುಕ ನಿಂದು, ತಪ್ಪು ಅವ್ರದು. ಎರಡನ್ನೂ ಬೆರೆಸಬೇಡ" ಎಂದರು. ಆ ದಿನ ನಡೆದದ್ದನ್ನು ಸ್ವಲ್ಪಸ್ವಲ್ಪವಾಗಿ ಹೇಳಿಸಿದರು. ಬುದ್ಧವಿಹಾರದ ಭಿಕ್ಷು ಭಂತೇಜಿಯದು ಇನ್ನೊಂದು ಪಾಠ: ಭಯವನ್ನು ಓಡಿಸಲು ಹೋಗಬೇಡ, ಬಂತು ಎಂದು ನೋಡು, ಮೈಯಲ್ಲಿ ಎಲ್ಲಿ ಕೂತಿದೆಯೋ ಹುಡುಕು, ಉಸಿರು ಬಿಡು. ಅಪ್ಪನಿಗೆ ಇದೊಂದೂ ಹಿಡಿಸಲಿಲ್ಲ. "ಎದ್ರುಕೊಂಡಿದ್ದಕ್ಕೇ ಇಷ್ಟು ದಿನ ಬದುಕಿವಿ ಕಣವ್ವ" ಎಂದ. ಅವನ ಮೇಲೆ ನನಗೆ ಸಿಟ್ಟಿಲ್ಲ. ಅವನಿಗೆ ಅದನ್ನು ಕಲಿಸಿದವರ ಮೇಲಿದೆ.

ಹೋದ ವಾರ ಮೇಲಿನ ಕೇರಿಯ ಯಜಮಾನ ವೀರಭದ್ರಸ್ವಾಮಿ, ನಿನ್ನನ್ನು ತುಳಿದವರ ಮೇಲಿನ ಕೇಸು ರಾಜಿ ಮಾಡಿಸಲು ನಮ್ಮ ಮನೆಗೆ ಬಂದ. ಒಳಗೆ ಕಾಲಿಡುವ ಜಾತಿಯೇ ಅದು? ಅಂಗಳದಲ್ಲೇ ನಿಂತು ಕೂಗಿದ. ಆ ದನಿ ಕೇಳಿದ್ದೇ ತಡ, ಜಗಲಿಯಲ್ಲಿದ್ದ ನಾನು ಎದ್ದು ಕೈಕಟ್ಟಿ ನಿಂತುಬಿಟ್ಟೆ. ಥೂ, ನಮ್ಮಜ್ಜಿ ನಿಲ್ಲುತ್ತಿದ್ದ ಹಾಗೆಯೇ. ಆಗ ನನ್ನ ಎದೆಯನ್ನು ನಾನೇ ಗಮನಿಸಿದೆ. ಹೊಡೆದುಕೊಳ್ಳುತ್ತಿತ್ತು. ಹೊಡೆದುಕೊಳ್ಳಲಿ ಎಂದು ಅವನ ಮುಂದೆಯೇ ಮತ್ತೆ ಕೂತೆ. "ಏನಮ್ಮೀ, ಕುಂತ್ಕೊಂಡೇ ಮಾತಾಡೀಯಾ?" ಎಂದ. "ಊಂ ಕಣ್ರೀ. ರಾಜಿ ಇಲ್ಲ. ನೀವೂ ಕುಂತ್ಕಳಿ, ಕಾಲು ನೋಯ್ತದೆ" ಎಂದೆ. ಕೂರಲಿಲ್ಲ, ಹೋದ. ಆಮೇಲೂ ಬಹಳ ಹೊತ್ತು ನನ್ನ ಮೊಣಕಾಲು ನಡುಗಿತು. ನಡುಗಿದರೇನು, ಆಡುವ ಮಾತು ಆಡಿಯಾಗಿತ್ತು.

ಹೊಟ್ಟೆತುಂಬ ಉಣ್ಣು, ತಲೆಯೆತ್ತಿ ಓಡಾಡು.

ನಿನ್ನ ತಂಗಿ,
ಕಾವ್ಯಶ್ರೀ

ಮ.ವಿ.: ಇದೇ ೨೨ನೇ ತಾರೀಖು ಸೋಮವಾರ ಮೈಸೂರು ಕೋರ್ಟಿನಲ್ಲಿ ಸಾಕ್ಷಿ. ನಿನಗೂ ಸಮನ್ಸ್ ಬಂದಿದೆ. ನೀನು ಬರದಿದ್ದರೂ ನಾನು ತುಳಿದವರ ಹೆಸರು ಹಿಡಿದು ಹೇಳುವವಳೇ. ಆದರೆ ಅಪ್ಪನೂ ಹೊರಟಿದ್ದಾನೆ. "ಕೈಕಾಲು ಅದುರ್ತವೆ, ನನ್ ಪಕ್ಕದಲ್ಲೇ ಕುಂತ್ಕ ಕಣವ್ವ" ಎಂದಿದ್ದಾನೆ. ನನ್ನನ್ನು ಒಳಗೆ ಕರೆದ ಮೇಲೆ ಕೋರ್ಟಿನ ಬೆಂಚಿನಲ್ಲಿ ಅವನ ಪಕ್ಕ ಕೂರುವವರು ಯಾರು? ಬಾ.