ಸಾವು ಬಾರದ ಸೂಜಿ

ಏನ್ರೀ,

ಇವತ್ತು ಬೆಳಿಗ್ಗೆ ಆಸ್ಪತ್ರೆಗೆ ಹೋಗಿ, ಸಾವೇ ಬಾರದಂತೆ ಮಾಡುವ ಆ ಹೊಸ ಸೂಜಿ ಹಾಕಿಸಿಕೊಂಡು ಬಂದೆ. ನೀವಿದ್ದಾಗ ಇದು ಬಂದಿರಲಿಲ್ಲ, ನಿಮ್ಮ ಹಣೆಬರಹ.

ಮಗಳಿಗೆ ಆಶ್ಚರ್ಯ. "ಮಂಡಿನೋವು ತಡೀಲಾರದೆ ದಿನಾ ದೇವರೇ ಕರ್ಕೊಳ್ಳಪ್ಪಾ ಅಂತಿದ್ದೆ. ಈಗೇನಮ್ಮ ಇದು?" ಅಂದಳು. ಡಾಕ್ಟರೂ ಎಚ್ಚರಿಸಿದರು: "ಅಜ್ಜಿ, ಮಂಡಿನೋವು ಹೋಗಲ್ಲ. ಅದೂ ನಿಮ್ ಜೊತೆ ಹಾಗೇ ಇರತ್ತೆ."

"ಇರ್ಲಿ ಬಿಡಪ್ಪ, ಚುಚ್ಚು" ಎಂದು ತೋಳು ಚಾಚಿದೆ.

ಕಾರಣ ಅವರಿಗೆ ಹೇಳಲಿಲ್ಲ. ಕೊನೆಯ ದಿನ ನೀವು ನನ್ನ ಕೈ ಹಿಡಿದು, "ನೀನಿಲ್ದೆ ನಂಗಾಗಲ್ಲ. ಬೇಗ ಬಾ, ಅಲ್ಲಿ ಕಾಯ್ತಿರ್ತೀನಿ" ಅಂದಿರಿ. ಕಾಯುವುದು ಅಂದರೆ ಏನು ಅಂತ ನಿಮಗೇನು ಗೊತ್ತು? ಮದುವೆಯಾದ ವಾರದಿಂದ ಕೇರಂ ಕ್ಲಬ್ಬಿನ ಮೆಟ್ಟಿಲ ಕೆಳಗೆ ನಿಂತವಳು ನಾನು. "ಇಲ್ಲೇ ನಿಂತಿರು, ಈಗ ಬಂದೆ" ಎಂದು ಹತ್ತಿದರೆ, ಬೀದಿದೀಪ ಹೊತ್ತಿಕೊಂಡ ಮೇಲೆಯೇ ನೀವು ಇಳಿಯುತ್ತಿದ್ದದ್ದು. ಹೆರಿಗೆ ನೋವು ಬಂದ ದಿನವೂ ಅದೇ ಮಾತು ಹೇಳಿ ಗಾಡಿ ತರಲು ಹೋದಿರಿ. ದಾರಿಯಲ್ಲಿ ಕ್ಲಬ್ಬು ಸಿಕ್ಕಿತು. ನೀವು ಬರುವಷ್ಟರಲ್ಲಿ ಪಕ್ಕದ ಮನೆಯಾಕೆ ಮಗಳನ್ನು ತೊಳೆದು ಬಟ್ಟೆಯಲ್ಲಿ ಸುತ್ತಿ ಆಗಿತ್ತು.

ಇವತ್ತು ಆಸ್ಪತ್ರೆಯಲ್ಲಿ ಸರದಿಗೆ ಕಾಯುವಾಗ ಮಗಳು ನನ್ನ ಎಡಕ್ಕೆ ಕೂತಿದ್ದಳು. ಬಲಗಡೆಯ ಕುರ್ಚಿಯ ಮೇಲೆ ಚೀಲ ಇಟ್ಟು, ಬಂದವರಿಗೆಲ್ಲ "ಜನ ಇದ್ದಾರೆ" ಅಂದೆ. ಯಾರು ಅಂತ ಮಾತ್ರ ಕೇಳಬೇಡಿ.

ಅಲ್ಲೇ ನಿಂತಿರಿ. ಈಗ ಬಂದೆ.