ಕೆಂಪು ಬಾಟಲಿ ಚೆಲ್ಲಿದ ತಮ್ಮನಿಗೆ

ಮಹಾರಾಯ,

ಬಚ್ಚಲ ಕಿಟಕಿಯಲ್ಲಿದ್ದ ನನ್ನ ಕೆಂಪು ಬಾಟಲಿಗಳನ್ನು ಮೋರಿಗೆ ಸುರಿದವನು ನೀನೇ ಎಂದು ಅಮ್ಮ ಹೇಳಿದಳು. "ಸತ್ತ ಇಲಿ ನಾತ ಬರ್ತಿತ್ತು, ಫ್ರೆಂಡ್ಸ್ ಬರೋರಿದ್ರು" ಅಂದೆಯಂತೆ. ನಾತ ಬರದೆ ಅತ್ತರಿನ ಹಾಗೆ ಘಮ್ಮೆನ್ನುತ್ತದೆಯೇನೋ? ಅದು ಕೊಳೆತ ನೀರಲ್ಲ ಕಣೋ, ಬಿಸಿಲು ಉಂಡು ಬದುಕುವ, ನೀರಿನ ಕೊಳೆ ತಿಂದು ತಿಳಿ ಮಾಡುವ ಬ್ಯಾಕ್ಟೀರಿಯಾ. ಮೊಸರಿನ ಬ್ಯಾಕ್ಟೀರಿಯಾ, ಯೀಸ್ಟ್ ಜೊತೆ ಹೊಂದಿಕೊಂಡು ಅದು ಆ ಬಣ್ಣಕ್ಕೆ ಬರಲಿ ಎಂದು ಬೇಸಿಗೆಯಿಡೀ ಕಾದಿದ್ದೆ. ಮೂರು ಜಾತಿಯ ಜೀವಗಳು ಒಂದೇ ಬಾಟಲಿಯಲ್ಲಿ ಬಾಳಿದವು. ಒಂದೇ ಮನೆಯಲ್ಲಿ ನಮ್ಮಿಬ್ಬರಿಗೆ ಬಾಳಲಾಗಲಿಲ್ಲ ನೋಡು!

ಈಗ ಮೀನು ಸಾಕುವ ಅಜ್ಜನ ಹತ್ತಿರ ಹೊರಟಿದ್ದೇನೆ. ಅವರ ತೊಟ್ಟಿಯ ನೀರು ಕೆಟ್ಟು ಮರಿಗಳು ಮೇಲೆ ಬಂದು ಬಾಯಿ ಬಿಡುತ್ತಿವೆ. ಇವತ್ತು ಬಾಟಲಿ ತರುತ್ತೇನೆ ಎಂದು ಮಾತು ಕೊಟ್ಟಿದ್ದೆ. ಇನ್ನು ಯಾವ ಮುಖ ಹೊತ್ತು ಹೋಗಲಿ? ಅವರ ಜೊತೆ ಕೊಡ ಹಿಡಿದು ನೀರು ಬದಲಿಸುವುದೊಂದೇ ದಾರಿ.

ಒಂದು ಬಾಟಲಿಯನ್ನು ಅಮ್ಮ ನಿನ್ನ ಕಣ್ಣಿಗೆ ಬೀಳದಂತೆ ಮಂಚದಡಿ ಬಚ್ಚಿಟ್ಟಿದ್ದಳು. ಕತ್ತಲಲ್ಲಿ ಪಾಪ ಬಿಳಿಚಿಕೊಂಡಿದೆ, ಮತ್ತೆ ಕೆಂಪಾಗುವ ತನಕ ಅಜ್ಜನಿಗೆ ಕೊಡುವ ಹಾಗಿಲ್ಲ. ಜಗಲಿಯಲ್ಲಿ ಇಟ್ಟಿದ್ದೇನೆ. ಬಿಸಿಲು ಸರಿದ ಹಾಗೆ ಅದನ್ನೂ ಸರಿಸು. ಮುಚ್ಚಳ ಸಡಿಲಿಸಿ ಗ್ಯಾಸ್ ಬಿಟ್ಟು ಕೂಡಲೇ ಬಿಗಿ ಮಾಡು. ಮೂಗು ಮುಚ್ಚಿಕೊಂಡಾದರೂ ಮಾಡು.

ನಿನ್ನ ಊಟ ಮುಚ್ಚಿಟ್ಟಿದ್ದೇನೆ. ಸಿಟ್ಟು ನಿನ್ನ ಮೇಲೆ, ನಿನ್ನ ಹೊಟ್ಟೆಯ ಮೇಲಲ್ಲ.

ನೀನು ಸುರಿದ ಮೇಲೆ ಮೋರಿಯ ವಾಸನೆ ಅಡಗಿದೆ ಎಂದು ಅಮ್ಮ ಹಿಗ್ಗುತ್ತಿದ್ದಾಳೆ. ಆ ಪುಣ್ಯ ಬಾಟಲಿಯ ಜೀವಗಳದ್ದು, ನಿನ್ನದಲ್ಲ.

ಅಕ್ಕ