ಅಲಗು ಒರೆಸುವ ಬಟ್ಟೆ

ತಮ್ಮಾ,

ಮೂರು ತಲೆಮಾರಿನ ಈ ಚಾಕು ಅಂಗಡಿಗೆ ಯಜಮಾನಿ ನಾನು. ನನ್ನ ಮಾತಿಗೆ ಇಲ್ಲಿ ಯಾರೂ ಎದುರಾಡುವುದಿಲ್ಲ. ನೀನೂ ಆಡಲಿಲ್ಲ. ನೀನು ತೀರಿಕೊಂಡು ವರ್ಷವಾದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಇವತ್ತು ಬೆಳಿಗ್ಗೆ ಹೊಳಪು ಕೊಟ್ಟ ಚಾಕುವೊಂದನ್ನು ನಾನೇ ಒರೆಸಿದೆ. ಕನ್ನಡಿಯಂತಿದ್ದ ಅಲಗಿನ ಮೇಲೆ ಗೀರುಗಳು ಎದ್ದವು. ಸೊಸೆ ಬಟ್ಟೆ ಕೊಡವಿದಳು. ಮೇಜಿನ ಮೇಲೆ ಮರಳು ಉದುರಿತು.

"ಅತ್ತೆ, ಇದನ್ನ ಒಗೆದು ಎಲ್ಲಿ ಒಣಗಿಸ್ತೀರಿ?"

"ಹಿತ್ತಲ ಗೋಡೆ ಮೇಲೆ. ಮೂವತ್ತು ವರ್ಷದಿಂದ ಅಲ್ಲೇ."

"ಅದೇ ಮತ್ತೆ. ಗೋಡೆ ಗಾರೆ ಉದುರ್ತಿದೆಯಲ್ಲ."

ಹನ್ನೊಂದು ವರ್ಷದ ಹಿಂದೆ, ಅದೇ ಗೋಡೆಯ ಮೇಲೆ ನಾನು ಒಣಗಿಸಿ ಕೊಟ್ಟ ಬಟ್ಟೆಯಿಂದ ನೀನು ಒರೆಸಿಟ್ಟ ಚಾಕುಗಳ ಮೇಲೂ ಇಂಥದೇ ಗೀರುಗಳಿದ್ದವು. ಕೆಲಸದವರೆಲ್ಲರ ಮುಂದೆ, "ನಿನ್ನದು ಕೈಯೋ, ಉಪ್ಪುಕಾಗದವೋ?" ಎಂದು ಕೇಳಿದ್ದೆ. ನೀನು ಅಂಗೈಯನ್ನೊಮ್ಮೆ ನೋಡಿಕೊಂಡು ಎದ್ದು ಹೋದೆ. ಮತ್ತೆ ಬರಲಿಲ್ಲ. ನಾನೂ ಕರೆಯಲಿಲ್ಲ.

ಇವತ್ತಿನ ಗೀರುಗಳನ್ನು ಒಂದೇ ದಿಕ್ಕಿಗೆ ನಯವಾಗಿ ಉಜ್ಜಿ ಅಳಿಸಿದೆವು. "ಯಾರಿಗೂ ಗೊತ್ತಾಗಲ್ಲ, ಬಿಡಿ ಅತ್ತೆ" ಎಂದಳು ಸೊಸೆ.

ನಾನು ಬಿಡಲಿಲ್ಲ. ಮಧ್ಯಾಹ್ನ ನಿನ್ನ ಹೆಂಡತಿಯನ್ನು ಅಂಗಡಿಗೆ ಕರೆಸಿದೆ. ಕೆಲಸದವರೆಲ್ಲರನ್ನೂ ನಿಲ್ಲಿಸಿಕೊಂಡು, ತಪ್ಪು ನನ್ನ ಬಟ್ಟೆಯದು, ನನ್ನ ತಮ್ಮನ ಕೈಯದಲ್ಲ ಎಂದು ಅವಳೆದುರು ಹೇಳಿದೆ.